ಕೀಳದೆ ಉಳಿಸಿದ ಅಲಸಂದೆ ಗಿಡ

ಲ್ಯಾಬಿನವಳು ಹೇಳಿದಳೆಂದರೆ ಮುಗಿಯಿತು, ಆ ಸಂಶೋಧನಾ ಕೇಂದ್ರದಲ್ಲಿ ಅದಕ್ಕೆ ಎರಡು ಮಾತಿರಲಿಲ್ಲ. ಅಲಸಂದೆ ಎಲೆಯ ಒಂದು ಚೂರು ಸಾಕು, ಹಳದಿ ರೋಗವನ್ನು ತಡೆಯುವ ಗುಣದ ಗುರುತು ಅದರ ಡಿಎನ್‌ಎಯಲ್ಲಿ ಇದೆಯೋ ಇಲ್ಲವೋ ಎಂದು ಅವಳ ಯಂತ್ರ ಹೇಳಿಬಿಡುತ್ತಿತ್ತು. ಗುರುತಿದ್ದ ಗಿಡ ಮುಂದಿನ ತಳಿಗೆ, ಇಲ್ಲದ್ದು ಗೊಬ್ಬರದ ಗುಂಡಿಗೆ.

ಹೊಲ ನೋಡಿಕೊಳ್ಳುವ ಗಡ್ಡದವನು ಈ ಸಲ, ಗುರುತಿಲ್ಲವೆಂದು ಅವಳು ಹೇಳಿದ ಒಂದು ಗಿಡವನ್ನು ಕೀಳಲೇ ಇಲ್ಲ. ಯಾಕೆಂದು ಕೇಳಿದರೆ, "ಇರ್ಲಿ ಬಿಡಿ ಮೇಡಂ" ಅಂದ. ಬೇರೆ ಯಾರಾದರೂ ಅಂದಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳೋ ಏನೋ. ಇವನು ಅಂದದ್ದು ಎದೆಗೇ ಚುಚ್ಚಿತು. ತನ್ನ ಕೆಲಸದ ಮೇಲೆ ನಂಬಿಕೆ ಇಲ್ಲದವನಿಗೆ ತನ್ನ ಮೇಲೆ ಇನ್ನೇನು ಇದ್ದೀತು? ಸಿಟ್ಟಿನ ಭರದಲ್ಲಿ ಮುಖ್ಯಸ್ಥರ ಕಿವಿಗೂ ಹಾಕಿದಳು. ಅವರು ಹಿಂದೆಮುಂದೆ ನೋಡದೆ ಅವನನ್ನು ದೂರದ ಇನ್ನೊಂದು ಫಾರ್ಮ್‌ಗೆ ಎತ್ತಂಗಡಿ ಮಾಡಿದರು.

ಅಲ್ಲಿಗೆ ಇವಳ ನೆಮ್ಮದಿ ಹೋಯಿತು. ಮನೆಯಲ್ಲಿ ಅತ್ತಿಗೆ ಕಣ್ಣು ಸಣ್ಣ ಮಾಡಿ, "ದಿನಾ ನೀನು ಬಯ್ಯೋಕೆ ಅಂತ ಒಬ್ಬ ಇದ್ದ, ಅವನೂ ಹೊರಟ. ಇನ್ಮೇಲೆ ನಿನಗೆ ಊಟ ಹೇಗೆ ಸೇರುತ್ತೆ?" ಎಂದು ಕೆಣಕಿದಳು. ಅವಳು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಅವನು ಹೊರಡುವ ದಿನ ಬೆಳಿಗ್ಗೆ ಅವಳೊಬ್ಬಳೇ ಹೊಲಕ್ಕೆ ಹೋದಳು. ಆ ಗಿಡ ಹಚ್ಚಗೆ ನಿಂತಿತ್ತು. ಅದಕ್ಕೆ ಹೆಣೆದುಕೊಂಡಿದ್ದ ಪಕ್ಕದ ಗಿಡ, ಅವಳೇ ಪಾಸು ಮಾಡಿದ್ದು, ಅರಿಸಿನ ಬಳಿದ ಹಾಗೆ ಹಳದಿಯಾಗಿತ್ತು. ಬಳ್ಳಿ ಬಿಡಿಸುತ್ತ ಬುಡದವರೆಗೆ ಬೆರಳು ಇಳಿಸಿದವಳಿಗೆ, ಅಂದು ಕಿತ್ತ ಎಲೆ ಯಾವ ಗಿಡದ್ದೋ ಎಂಬ ಅನುಮಾನ ಹುಟ್ಟಿತು. ಎರಡರಿಂದಲೂ ಹೊಸ ಎಲೆ ಕಿತ್ತು ತಂದು ಪರೀಕ್ಷೆ ಮಾಡಿದಳು. ಗುರುತು ಹಸಿರು ಗಿಡದಲ್ಲೇ ಇತ್ತು. ಯಂತ್ರದ್ದೇನೂ ತಪ್ಪಿಲ್ಲ. ಅಂದು ಎಲೆ ಕೀಳುವಾಗ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಮಾಡಿದವಳು ಅವಳೇ. ಯಾಕೆ ಹಾಗಾಯಿತು ಎಂಬುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತಪ್ಪು ತನ್ನದು, ಅವನನ್ನು ಕಳಿಸಬೇಡಿ ಎಂದು ಮುಖ್ಯಸ್ಥರ ಮುಂದೆ ಎಲ್ಲರೂ ಕೇಳುವಂತೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಿಮ್ಮಿಂದಲೂ ಹೀಗಾಗುತ್ತದಾ ಎಂದು ಬೆರಗಾದರು. ವರ್ಗಾವಣೆ ರದ್ದಾಯಿತು. ಮುಖ ಬಾಡಿದ್ದರೂ ಅವಳ ಮನಸ್ಸು ಹಗುರಾಗಿತ್ತು.

ಶೆಡ್ಡಿನಲ್ಲಿ ಅವನು ಸಾಮಾನು ಕಟ್ಟುತ್ತಿದ್ದ. ಹೋಗುವ ಹಾಗಿಲ್ಲ ಎಂದು ಹೇಳಿ, ಬಾಗಿಲಲ್ಲೇ ನಿಂತು ನೆಲ ನೋಡಿದಳು.

"ಆವತ್ತು ಎಲೆ ಕೀಳೋವಾಗ ನನ್ನ ಗಮನ ಗಿಡದ ಮೇಲಿರ್ಲಿಲ್ಲ. ಆ ಕಡೆ ಸಾಲಲ್ಲಿ ನೀವು ಅಂಗಿ ತೋಳು ಮಡಚ್ಕೊಂಡು ಕಳೆ ತೆಗೀತಿದ್ರಿ."

ಅವನ ಕಿವಿ ಕೆಂಪಾಯಿತು. ಹಗ್ಗದ ಗಂಟು ಬಿಚ್ಚುತ್ತ, "ನಿಮ್ಮ ಕೈ ಪಕ್ಕದ ಬಳ್ಳಿಗೆ ಹೋಗಿದ್ದು ನೋಡಿದ್ದೆ" ಅಂದ.

"ನೋಡಿನೂ ಸುಮ್ಮನಿದ್ರಾ? ಎತ್ತಂಗಡಿ ಆದ್ರೂ?"

"ಹೇಳಿದ್ರೆ, 'ಅಷ್ಟೊತ್ತು ನನ್ನ ಕೈ ಯಾಕೆ ನೋಡ್ತಿದ್ರಿ' ಅಂತ ನೀವು ಕೇಳ್ತಿದ್ರಿ. ಏನಂತ ಹೇಳ್ಲಿ?"

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಎಲೆಯ ಹಸಿರು ಇನ್ನೂ ಹೋಗದ ಕೈಯನ್ನು ಅವನ ಮುಂದೆ ಚಾಚಿದಳು.

"ಈಗ ಕೇಳ್ತಿದೀನಿ. ಯಾಕೆ?"

ಅವನು ಹಗ್ಗ ಕೆಳಗಿಟ್ಟು ಆ ಕೈ ಹಿಡಿದುಕೊಂಡ. ಉತ್ತರ ಹೇಳಿ ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು.