ಮಲ್ಲಯ್ಯನಿಗೆ ಹೇಳಿದ ಮಾತು

ಆ ನಗುವನ್ನು ಶೈಲಶ್ರೀ ಮೊದಲು ಕಂಡದ್ದು ಮದುವೆಯಾದ ಎಂಟನೆಯ ತಿಂಗಳಿನಲ್ಲಿ.

ಕೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು ಅಡುಗೆಮನೆಯಿಂದ ಹೊರಬಂದಳು. ವರಾಂಡದಲ್ಲಿ ಗಂಡ ಮೌನೇಶ ಕಣ್ಣು ಮುಚ್ಚಿ ಕುಳಿತಿದ್ದ. ಕಿವಿಯ ಮೇಲೆ ಹೊಸ ಹೆಡ್‌ಫೋನ್. ತುಟಿಯ ಮೇಲೆ, ಅವಳಿಗೆ ಒಂದು ದಿನವೂ ಸಿಗದಿದ್ದ ನಗು...

"ಏನ್ ಕೇಳಾಕತ್ತೀರಿ?"

ಅವನು ಬೆಚ್ಚಿ ಹೆಡ್‌ಫೋನ್ ತೆಗೆದ. "ಏನಿಲ್ಲ... ಹಾಡು."

"ಯಾವ ಹಾಡು?"

"ಹಳೇದು."

ಹಳೆಯ ಹಾಡಿಗೆ ಯಾರಾದರೂ ಹೀಗೆ ನಾಚಿಕೊಳ್ಳುತ್ತಾರೆಯೇ?

ಹುನಗುಂದದ ಕಡೆಯಿಂದ ಬಂದ ಈ ದಂಪತಿ ಬಿಟಿಎಂ ಎರಡನೇ ಹಂತದ ಮಹಡಿ ಮನೆಯಲ್ಲಿ ಬಾಡಿಗೆಗಿದ್ದರು. ಕೆಳಗೆ ಮನೆ ಮಾಲೀಕ ಸಂಜೀವಯ್ಯನವರು. ಸಂಜೆ ಆರರಿಂದ ಎಂಟು ಅವರ ಜಪದ ಹೊತ್ತು. ಮೇಲೆ ರೇಡಿಯೋ ಹಾಕುವಂತಿಲ್ಲ. ರೊಟ್ಟಿ ಬಡಿಯುವ ಸದ್ದನ್ನು ಮಾತ್ರ ಸಹಿಸುತ್ತಿದ್ದರು. ಎರಡು ಬಿಸಿ ರೊಟ್ಟಿ ಕೆಳಗೂ ಹೋಗುತ್ತಿದ್ದವಲ್ಲ!

ಅದಕ್ಕೆಂದೇ ಮೌನೇಶ ಜಯನಗರ ಕಾಂಪ್ಲೆಕ್ಸ್ ಹತ್ತಿರ ಈ ಅಗ್ಗದ ವೈರ್‌ಲೆಸ್ ಹೆಡ್‌ಫೋನ್ ತಂದದ್ದು. "ಎರಡು ದಿನ ಮನೇಲಿ ಹಾಕ್ಕೊಂಡು ನೋಡಿ ಸಾರ್, ಹಿಡಿಸ್ಲಿಲ್ಲಾಂದ್ರೆ ವಾಪಸ್ ತನ್ನಿ" ಎಂದಿದ್ದನಂತೆ ಅಂಗಡಿಯವನು. ಅಡುಗೆಮನೆಯ ಗೂಡಿನಲ್ಲಿದ್ದ ರೇಡಿಯೋಗೆ ಒಂದು ಸಣ್ಣ ಡಬ್ಬಿ ಸಿಕ್ಕಿಸಿದರೆ, ಮನೆಯ ಯಾವ ಮೂಲೆಯಲ್ಲಿ ಕುಳಿತರೂ ಹಾಡು ಕಿವಿಗೆ ಬರುತ್ತದೆ. ಬಂದದ್ದು ಹಾಡಿಗಿಂತ ಗರಗರವೇ ಹೆಚ್ಚು.

"ಎಣ್ಣ್ಯಾಗ ಸಾಸಿವಿ ಹಾಕಿದಂಗ ಆಗತೈತಿ. ವಾಪಸ್ ಕೊಟ್ಟುಬಿಡ್ರಿ" ಎಂದಿದ್ದಳು ಶೈಲಶ್ರೀ. ಅವನೂ ಒಪ್ಪಿದ್ದ.

ಮೂರನೆಯ ದಿನ ಅವನು ಕೊಡಲಿಲ್ಲ. ಅಂದಿನಿಂದ ಅವಳು ಒಲೆ ಹಚ್ಚಿದರೆ ಸಾಕು, ಇವನು ವರಾಂಡಕ್ಕೆ ಹೋಗಿ ಕೂರುತ್ತಿದ್ದ.

ಒಂದು ದಿನ ಮಾಲೀಕರ ಹೆಂಡತಿ ಕಮಲಾದೇವಿ ಮೆಟ್ಟಿಲ ಬಳಿ ತಡೆದರು. "ಏನಮ್ಮಾ, ನಿಮ್ಮನೆಯವ್ರು ಒಬ್ರೇ ನಗ್ತಾ ಕೂತಿರ್ತಾರೆ? ಆಫೀಸಲ್ಲಿ ಯಾರಾದ್ರೂ ಹೊಸಬ್ರು ಸೇರಿದಾರಾ ಕೇಳು."

ತಮಾಷೆಯೇ ಇರಬಹುದು. ಆದರೆ ಆ ಮಾತು ಎದೆಯೊಳಗೆ ಹೋಗಿ ಕುಳಿತುಬಿಟ್ಟಿತು.

ಅವನು ಕೆಲಸಕ್ಕೆ ಹೋದ ಮೇಲೆ ಹೆಡ್‌ಫೋನ್ ಹಾಕಿಕೊಂಡು ನೋಡಿದಳು. ಬರೀ ಗರಗರ. ಅವನಿಗೆ ಒಲಿಯುವ ಈ ವಸ್ತು ತನ್ನ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲವೆ?

ಆ ವಾರವೇ ರೇಡಿಯೋ ಕೆಟ್ಟು ರಿಪೇರಿಗೆ ಹೋಯಿತು. ಗೂಡಿನಲ್ಲಿ ಉಳಿದದ್ದು ಡಬ್ಬಿಯೊಂದೇ. ಸಂಜೆ ಇಣುಕಿದರೆ, ಮೌನೇಶನ ಕಿವಿಯಲ್ಲಿ ಹೆಡ್‌ಫೋನ್. ಮುಖದಲ್ಲಿ ಅದೇ ನಗು!

ರೇಡಿಯೋ ಇಲ್ಲ... ಹಾಗಾದರೆ ಯಾರ ದನಿ ಅದು? ಅವಳ ಕಣ್ಣಿಗೆ ಒಬ್ಬ ಹೆಣ್ಣಿನ ರೂಪ ಕಟ್ಟಿತು. ಭುಜದವರೆಗೆ ಬಿಟ್ಟ ಕೂದಲು, ನಡುನಡುವೆ ಇಂಗ್ಲಿಷು, ಜೇನಿನಂಥ ಮಾತು. ತನಗೋ ಗಂಡನೆದುರು ಎರಡು ಮಾತು ಜೋಡಿಸಲೂ ಬಾರದು.

ಅವಳ ಮಾತೆಲ್ಲ ಒಲೆಯ ಮುಂದೆ. ದಿನದ ಸುಖದುಃಖವನ್ನು ರೊಟ್ಟಿ ಬಡಿಯುತ್ತ ಶ್ರೀಶೈಲದ ಮಲ್ಲಯ್ಯನಿಗೆ ಒಪ್ಪಿಸುವುದನ್ನು ಅಜ್ಜಿ ಕಲಿಸಿದ್ದಳು. ಅಂದೂ ಒಪ್ಪಿಸಿದಳು.

"ಮಲ್ಲಯ್ಯ, ಯಾವಾಕಿನೋ ಅವರ ಕಿವ್ಯಾಗ ಕುಂತಾಳ. ನನ್ನ ಕಡೆ ನೋಡಿ ಒಮ್ಮೆನೂ ಹಂಗ ನಕ್ಕಿಲ್ಲ ಅವರು. ನಾಳೆ ತವರಿಗೆ ಹೋಗಿಬಿಡ್ತೀನಿ. ಯಾರಿಗೂ ಹೇಳಬ್ಯಾಡ..."

"ಶೈಲಾ, ಹೋಗಬ್ಯಾಡ."

ಬಾಗಿಲಲ್ಲಿ ಮೌನೇಶ. ಹೆಡ್‌ಫೋನ್ ಕೊರಳಿಗೆ ಜಾರಿತ್ತು, ಮುಖ ಬಿಳಿಚಿತ್ತು.

"ನಿಮಗ... ಯಾರು ಹೇಳಿದ್ರು?"

ಅವನು ಗೂಡಿನ ಡಬ್ಬಿ ತೋರಿಸಿದ. "ಅದರಾಗ ಮೈಕ್ ಐತಿ. ವಾಪಸ್ ಕೊಡೂಕಿಂತ ಮೊದಲ ಇನ್ನೊಮ್ಮೆ ನೋಡೂಣು ಅಂತ ಯಾವುದೋ ಗುಂಡಿ ಒತ್ತಿದೆ. ಹಾಡು ನಿಂತು ನಿನ್ನ ದನಿ ಬಂತು. 'ಮಲ್ಲಯ್ಯ, ಇವತ್ತ ಅವರು ಒಂದ ರೊಟ್ಟಿ ಹೆಚ್ಚಿಗಿ ತಿಂದ್ರು' ಅನ್ನಾಕತ್ತಿದ್ದಿ."

ಇಷ್ಟು ದಿನ ಅವಳು ಹೊಟ್ಟೆಕಿಚ್ಚುಪಟ್ಟದ್ದು ತನ್ನದೇ ದನಿಯ ಮೇಲೆ. ಆದರೂ ನಗು ಬರಲಿಲ್ಲ, ಕಣ್ಣು ತುಂಬಿತು.

"ಅದು ದೇವರಿಗೆ ಹೇಳಿದ್ದು. ಕದ್ದು ಕೇಳಿದ್ರಿ."

"ಹೌದು, ತಪ್ಪು ಮಾಡೀನಿ. ನನ್ನ ಮುಂದ 'ಹೂಂ', 'ಉಹೂಂ' ಬಿಟ್ಟರ ಬ್ಯಾರೆ ಮಾತಿಲ್ಲ ನಿಂದು. ಅವನ ಮುಂದ ಮಾತ್ರ ಹೊಳಿ ಹರಿದಂಗ... ನನಗ ಹೊಟ್ಟಿಕಿಚ್ಚು ಆತು."

"ಮಲ್ಲಯ್ಯನ ಮ್ಯಾಲ?"

"ಹೂಂ."

ಶೈಲಶ್ರೀ ಅವನನ್ನೇ ನೋಡಿದಳು. ಮೆಲ್ಲಗೆ ಅವನ ಕೊರಳಿನಿಂದ ಹೆಡ್‌ಫೋನ್ ಬಿಡಿಸಿ ತನ್ನ ಕಿವಿಗೆ ಹಾಕಿಕೊಂಡಳು.

"ನಂದೆಲ್ಲ ಕೇಳೀರಿ. ಈಗ ನಿಮ್ಮದು ಹೇಳ್ರಿ, ಅವನಿಗೇ. ನಾ ಹೊರಗ ಕೂಡ್ತೀನಿ."

ವರಾಂಡದಲ್ಲಿ ಕುಳಿತಳು. ಗರಗರ... ಆಮೇಲೆ ನಡುಗುವ ಒಂದು ದನಿ, ಎದೆಯೊಳಗಿಂದಲೇ ಎದ್ದು ಬಂದಂತೆ.

"ಮಲ್ಲಯ್ಯ... ಎದುರಿಗೆ ನಿಂತರ ನನಗ ಬಾಯಿ ಬರಂಗಿಲ್ಲ. ಈಕಿ ಬಂದ ಮ್ಯಾಲ ಇದು ಮನಿ ಆಗೈತಿ. ಈಕೀನ್ನ ಕಳಸಬ್ಯಾಡ..."

ಮುಂದಿನದು ಕೇಳಿಸುವ ಮೊದಲೇ ಅವಳು ಎದ್ದು ಬಂದಿದ್ದಳು. ಹೆಡ್‌ಫೋನ್ ತೆಗೆದು ಬದಿಗಿಟ್ಟಳು.

"ಅಷ್ಟ ಏನು?"

"ಇನ್ನೂ ಐತಿ."

"ಹಂಗಾರ ನನಗ ಹೇಳ್ರಿ."

ಅವನು ನಕ್ಕ. ಈ ಸಲ ಕಣ್ಣು ತೆರೆದು, ಅವಳನ್ನೇ ನೋಡಿ.

"ಶೈಲಾ, ರೊಟ್ಟಿ ಹೊತ್ತಾಕತ್ತೈತಿ."

"ಹೊತ್ತಲಿ... ಮೊದಲ ಹೇಳ್ರಿ."