ಐದು ಎಚ್‌ಪಿ ಹೆಚ್ಚು

ಸ್ಕ್ರೀನಿನ ಮ್ಯಾಲ ನೂರಾ ನಲವತ್ತೆಂಟು ಬಂದಾಗ ಶಾಹೀದ ನನ್ನ ಕಡೆ ತಿರುಗಿ ನಕ್ಕ. ಅಂವ ನಮ್ಮ ಗ್ಯಾರೇಜಿಗೆ ಬಂದ ಈ ಎಂಟು ತಿಂಗಳದಾಗ ಹಂಗ ನಕ್ಕಿದ್ದು ನಾ ನೋಡಿದ್ದಿಲ್ಲ. ಗ್ರೀಸ್ ಹತ್ತಿದ ಕೈಲೆ ಹಣಿ ಒರಸಿಕೊಂಡು ಹಣಿನೂ ಕರ್ರಗ ಮಾಡಿಕೊಂಡ.

"ಆರಿಫಾ, ಎಷ್ಟು ಬಂತು?"

"ಯಾಕ, ನಿನಗ ಕಣ್ಣಿಲ್ಲೇನು? ನೂರಾ ನಲವತ್ತೆಂಟು ಎಚ್‌ಪಿ."

ಜೋಗೇಶ್ವರಿಯ ನಮ್ಮ ಗ್ಯಾರೇಜಿನಾಗ ಒಂದು ಡೈನೋ ಐತಿ. ಕಾರಿನ ಗಾಲಿ ಅದರ ರೋಲರ್ ಮ್ಯಾಲ ಓಡಸ್ತೀವಿ, ಎಂಜಿನ್ನಿನ ಪವರ್ ಎಷ್ಟು ಎಚ್‌ಪಿ ಅಂತ ಕಂಪ್ಯೂಟರ್ ಹೇಳ್ತೈತಿ. ಕಂಪ್ಯೂಟರ್ ಮುಂದ ಕೂಡೂದು ನಾನು. ಶಾಹೀದ ಮೆಕ್ಯಾನಿಕ್.

ಗ್ರಾಂಟ್ ರೋಡಿನ ಹೋಟೆಲ್ ಮಾಲೀಕ ಧನರಾಜ್ ಶೆಟ್ರಿಗೆ ರೇಸಿಂಗ್ ಹುಚ್ಚು. ಅವರ ಒಂದು ಕಾರಿಗೆ ಟರ್ಬೋ ಐತಿ. ಸೈಲೆನ್ಸರಿಗೆ ಹೋಗೋ ಹೊಗೀಲೆ ಫ್ಯಾನ್ ತಿರುಗಿಸಿ ಎಂಜಿನ್ನಿಗೆ ಗಾಳಿ ತುರುಕ್ತೈತಿ. ಇನ್ನೊಂದು ಶಾಹೀದ ಕೂಡಿಸಿದ್ದು, ಟರ್ಬೋ ಇಲ್ಲದ ಸಾದಾ ಎಂಜಿನ್, ತನ್ನ ಉಸಿರು ತಾನಽ ಎಳಕೊಳ್ಳೂದು. ಯಾವುದಕ್ಕ ಪವರ್ ಹೆಚ್ಚೋ ಅದು ಈ ಸೀಸನ್ ಓಡೂದು. ಶಾಹೀದಂದು ಗೆದ್ರ ಶೆಟ್ರ ರೇಸ್ ಕಾರು ನೋಡಿಕೊಳ್ಳೋ ನೌಕರಿ ಅವಂಗ. ಸೋತ್ರ ಎರಡು ವರ್ಷ ಮಸ್ಕತ್‌ದಾಗ ದುಡಿಯೂದು, ವೀಸಾ ಬಂದು ಕುಂತೈತಿ. ಟರ್ಬೋ ಮುಂಜಾನೆ ನೂರಾ ನಲವತ್ತೈದು ಕೊಟ್ಟಿತ್ತು.

"ಶೆಟ್ರು ಚಾ ಕುಡದು ಬರ್ತಾರ. ಇನ್ನ ಮಸ್ಕತ್ ಇಲ್ಲ," ಅಂದ. ನನ್ನ ಮಾರಿ ನೋಡಿ ಅಂದ, ನೋಡಿಕೋತ ನಿಂತಽ ಬಿಟ್ಟ. ಯಾ ಅಲ್ಲಾ, ನನ್ನ ಎದಿ ಹೆಂಗ ಬಡಕೊಂತು! ಅದನ್ನ ಮುಚ್ಚಿಕೊಳ್ಳಾಕ ಅಂತ ವೈರ್ ಸುತ್ತಾಕ ಹೋದೆ.

ಗಾಳಿ ಎಷ್ಟು ಬಿಸಿ ಐತಿ ಅಂತ ಅಳೆಯೋ ವೈರ್ ಅದು. ಎಂಜಿನ್ ಗಾಳಿ ಎಳಕೊಳ್ಳೋ ಬಾಯಿ ಹತ್ರ ಇರಬೇಕು. ಈಗ ನೋಡಿದ್ರ ನಾ ಅದನ್ನ ರೇಡಿಯೇಟರ್ ಹಿಂದ ಸಿಗಿಸಿದ್ದೆ. ಮುಟ್ಟಿದ್ರ ಸುಡ್ತಿತ್ತು.

ಬಿಸಿ ಗಾಳಿ ತೆಳ್ಳಗ, ಅದರಾಗ ಎಂಜಿನ್ನಿನ ಪವರ್ ಇಳೀತೈತಿ. ಅದಕ್ಕ ಸಾದಾ ಎಂಜಿನ್ನಿಗೆ ಕಂಪ್ಯೂಟರ್ ಒಂದಿಷ್ಟು ಮ್ಯಾಲ ಕೂಡಿಸಿ ಕೊಡ್ತೈತಿ. ಟರ್ಬೋ ತನಗ ಬೇಕಾದಷ್ಟು ಗಾಳಿ ತುಂಬಿಕೋತೈತಿ, ಅದಕ್ಕ ನಾವು ಈ ರಿಯಾಯಿತಿ ಹಾಕಂಗಿಲ್ಲ. ವೈರ್ ಸುಳ್ಳು ಬಿಸಿ ತೋರಿಸಿತ್ತು, ಕಂಪ್ಯೂಟರ್ ದೊಡ್ಡ ಮನಸ್ಸು ಮಾಡಿತ್ತು. ನನ್ನ ಕೈಗಿಷ್ಟು ಬೆಂಕಿ ಹಚ್ಚ! ವೈರ್ ಸಿಗಸೋವಾಗ ನನ್ನ ಕಣ್ಣು ಎಲ್ಲಿದ್ವು? ಶಾಹೀದನ ಮ್ಯಾಲ.

ಸುಮ್ಮನಿದ್ರ ಯಾರಿಗೂ ಗೊತ್ತಾಗೂದಿಲ್ಲ. ಅಂವ ಇಲ್ಲೇ ಇರ್ತಾನ. ದಿನಾ ನನ್ನೆದುರು, ದಿನಾ. ಅಷ್ಟು ಆಸೆ ನನಗ ಯಾವತ್ತೂ ಆಗಿದ್ದಿಲ್ಲ.

"ಶಾಹೀದ, ಇದು ಖರೇ ನಂಬರ್ ಅಲ್ಲ. ನಾ ವೈರ್ ತಪ್ಪು ಜಾಗಾದಾಗ ಹಾಕೀನಿ."

ಅವನ ನಗು ಹೋತು. ಬೈಯಲಿಲ್ಲ. ವೈರ್ ನನ್ನ ಕೈಯಿಂದ ಇಸಕೊಂಡು ಎಲ್ಲಿ ಇರಬೇಕೋ ಅಲ್ಲಿ ಸಿಗಿಸಿದ. ಶೆಟ್ರು ಬಂದ ಮ್ಯಾಲ ಅವರಿಗೆ ಎಲ್ಲಾ ಹೇಳಿ, ಅವರೆದುರಿಗೇ ಮೂರು ಸಲ ಓಡಿಸಿದ್ವಿ. ಮೂರೂ ಸಲ ನೂರಾ ನಲವತ್ಮೂರು.

"ಎಂತ ಮಾಡುವುದು ಮಾರಾಯ," ಅಂತ ಶೆಟ್ರು ಅವನ ಬೆನ್ನ ಮ್ಯಾಲ ಕೈ ಇಟ್ರು. "ಕೆಲಸ ಚಂದ ಮಾಡಿದ್ದಿ. ಆದ್ರೆ ನಾನು ಟರ್ಬೋವನ್ನೇ ಓಡಿಸುವುದು."

ಅವರು ಹೋದ್ರು. ಶಾಹೀದ ಬಾನೆಟ್ ಮುಚ್ಚಿ ಕಾರಿಗೆ ಒರಗಿ ನಿಂತ.

"ನೀ ಸುಮ್ಮನಿದ್ದಿದ್ರ ನಾ ಇಲ್ಲೇ ಇರ್ತಿದ್ದೆ."

"ಹೂಂ."

"ಅಂದ್ರ ನಾ ಹೋದ್ರೂ ನಿನಗೇನೂ ಅನಸೂದಿಲ್ಲ."

ನನಗ ಪಿತ್ತ ನೆತ್ತಿಗೇರಿತು. "ಹುಚ್ಚಪ್ಯಾಲಿ! ನೀ ಇರಬೇಕಂತ ನನಗಿರೋವಷ್ಟು ಆಸೆ ಈ ಮುಂಬೈದಾಗ ಯಾರಿಗೂ ಇಲ್ಲ. ನಿನ್ನ ಮ್ಯಾಲ ಜೀವಾ ಇಟ್ಟೀನಿ. ಸುಳ್ಳು ನಂಬರ್ ಕೊಟ್ಟು ನಿನ್ನ ಇಟಗೊಂಡಿದ್ರ, ದಿನಾ ನಿನ್ನ ಮಾರಿ ಹೆಂಗ ನೋಡ್ಲಿ ನಾ?" ಅಂತ ಹೇಳೂದ್ರಾಗ ಕಣ್ಣೀರು ಬಂದಽ ಬಿಟ್ವು.

ಅಂವ ತಲಿ ತಗ್ಗಿಸಿ ಕೈಗೆ ಹತ್ತಿದ ಗ್ರೀಸ್ ಒರಸಿಕೋತ ನಿಂತ. ಹೊರಗ ರಿಕ್ಷಾದವರು ಹಾರ್ನ್ ಹೊಡ್ಯಾಕತ್ತಿದ್ರು.

"ಆಯ್ತವಾರ ನನ್ನ ಫ್ಲೈಟ್," ಅಂದ ಕಡೀಕ. "ಅದಕ್ಕೂ ಮೊದಲ, ಶುಕ್ರವಾರ, ಅಮ್ಮೀ ನಿಮ್ಮ ಮನಿಗೆ ಬರ್ತಾಳ."

"ಯಾಕ?"

"ನಿನ್ನ ಕೇಳಾಕ." ತಲಿ ಎತ್ತಿದ. ಅವನ ಕಣ್ಣೂ ಕೆಂಪಾಗಿದ್ವು. "ಎರಡು ವರ್ಷ, ಆರಿಫಾ. ಕಾಯ್ತಿ?"

"ಅಳ್ತೀನಿ. ಫೋನ್ ಮಾಡದಿದ್ರ ಜಗಳಾ ತೆಗೀತೀನಿ. ಕಾಯ್ತೀನಿ."

ಬ್ಯಾರೆ ಹುಡುಗಿ ಹೇಳಿದ್ರ ಖರೇನಾ ಅಂತ ಕೇಳ್ತಿದ್ನೋ ಏನೋ. ಖರೇ ನಂಬರ್ ಹೇಳಿದ ನನ್ನ ಕೇಳ್ಲಿಲ್ಲ.