ಎಡಗಡೆಯ ಎರಡನೇ ಬಿಲ್ಲೆ

ಶನಿವಾರ ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ಹೊಲಿಗೆ ಮಿಷಿನ್ ರಿಪೇರಿ ಅಂಗಡಿಯಲ್ಲಿ ಕನ್ನಡಿ ಎಲ್ಲಿಂದ ಬರಬೇಕು? ಬಾಗಿಲ ಬಳಿಯ ಮಿಷಿನ್ನಿನ ಹೊಳೆಯುವ ಸ್ಟೀಲ್ ತಗಡೇ ಸಾಕು. ಆಮೇಲೆ ಬಾಚಣಿಗೆಯನ್ನು ಬಾಬಿನ್ ಡಬ್ಬಿಯೊಳಗೆ ಬಚ್ಚಿಟ್ಟು, ಯಾರನ್ನೂ ಕಾಯದವಳ ಹಾಗೆ ಸ್ಕ್ರೂಡ್ರೈವರ್ ಹಿಡಿದು ಕೂರುವಳು.

ನಾಲ್ಕಕ್ಕೆ ಸರಿಯಾಗಿ ಅವನು ಬರುತ್ತಿದ್ದ.

ಅವನು ಹಲ್ಲಿನ ಸೆಟ್ ಮಾಡುವವನು. ಮುಖ್ಯರಸ್ತೆಯಲ್ಲಿ ಅವನ ಲ್ಯಾಬು, ಅದರ ಮೇಲೆ ಮರದ ನೆಲದ ಒಂದು ಕೋಣೆ, ಆ ಕೋಣೆಯಲ್ಲಿ ಎದೆಮಟ್ಟ ನಿಲ್ಲುವ ಎರಡು ಹಳೆಯ ಸ್ಪೀಕರುಗಳು. ಹಾಡು ಹಾಕಿದರೆ ನೆಲ ನಡುಗಿ, ಕೆಳಗೆ ಕಪಾಟಿನಲ್ಲಿ ಜೋಡಿಸಿಟ್ಟ ಹಲ್ಲುಗಳೆಲ್ಲ ಚಳಿ ಹಿಡಿದವರಂತೆ ಕಟಕಟ ಎನ್ನುತ್ತಿದ್ದವಂತೆ. ಆ ನಡುಕ ತಡೆಯಲೆಂದೇ ಬರುವ ಸ್ಪ್ರಿಂಗ್ ಕಾಲುಗಳಿಗೆ ಸ್ಪೀಕರಿಗಿಂತ ಹೆಚ್ಚು ಬೆಲೆ.

"ನೋಡಿ, ನಿಮ್ಮ ಮಿಷಿನ್ ಓಡ್ತಾ ಇದ್ರೂ ಪಕ್ಕದಲ್ಲಿರೋ ನೀರಿನ ಲೋಟ ಜರುಗಲ್ವಲ್ಲ, ಅದು ಹೇಗೆ?" ಎಂದು ಮೊದಲ ದಿನ ಬಾಗಿಲಲ್ಲೇ ನಿಂತು ಕೇಳಿದ್ದ. ಬೀದಿಗೆಲ್ಲ ಅವಳು ಮಿಷಿನಕ್ಕ. ಅವನೊಬ್ಬ ಮಾತ್ರ ಅಕ್ಕ ಎನ್ನದೆ ನೋಡಿ ಎಂದಿದ್ದ. ಇಷ್ಟರ ಮೇಲೇ ಅವಳು ಆರು ವಾರದಿಂದ ಮನಸ್ಸಿನಲ್ಲಿ ಮಹಡಿ ಮನೆ ಕಟ್ಟುತ್ತಿದ್ದಳು.

ಲೋಟದ ಗುಟ್ಟು ದೊಡ್ಡದೇನಲ್ಲ. ಎರಡು ಪದರ ರಬ್ಬರ್, ನಡುವೆ ಕಾರ್ಕ್, ಮಿಷಿನ್ನಿನ ಕಾಲಿಗೊಂದು ಬಿಲ್ಲೆ. ಸ್ಪೀಕರಿಗೂ ಅದೇ ಔಷಧ: ಅಡುಗೆಕಟ್ಟೆಗೆ ಹಾಸಿ ಉಳಿದ ಕಲ್ಲಿನ ತುಂಡು ಕೆಳಗೆ, ಅದರ ನಾಲ್ಕು ಮೂಲೆಗೆ ನಾಲ್ಕು ಬಿಲ್ಲೆ. ಬಲ ಒಂದರಿಂದ ನಾಲ್ಕು, ಎಡ ಒಂದರಿಂದ ನಾಲ್ಕು ಎಂದು ಎಂಟಕ್ಕೂ ಅವಳೇ ಸೀಮೆಸುಣ್ಣದಲ್ಲಿ ಬರೆದುಕೊಟ್ಟಳು. ಪ್ರತಿ ಶನಿವಾರ ಅವನು ಬಿಲ್ಲೆ ತಂದು, ಇನ್ನೂ ಸ್ವಲ್ಪ ಗುಂಯ್ ಅಂತಿದೆ ಎನ್ನುವನು. ಅವಳು ಪದರ ಬದಲಿಸುವಳು. ಇಬ್ಬರಿಗೂ ಅವಸರವಿರಲಿಲ್ಲ.

ಏಳನೆಯ ವಾರ ಅವನು ಖುಷಿಯಲ್ಲಿದ್ದ. ತನಗೆ ಕೆಲಸ ಕಳಿಸುವ ಡಾಕ್ಟರಮ್ಮ ಮಹಡಿಗೆ ಬಂದಿದ್ದರಂತೆ, ಕೂತು ಎರಡು ಹಾಡು ಕೇಳಿದರಂತೆ, ಬೇಸ್ ಎಷ್ಟು ಸ್ವಚ್ಛ ಎಂದು ಹೊಗಳಿದರಂತೆ.

ಅವಳು ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದಳು. ಏಳು ಸಮನಾಗಿ ಕುಗ್ಗಿದ್ದವು. ಎಡ ಎರಡು ಮಾತ್ರ ಅಪ್ಪಚ್ಚಿಯಾಗಿತ್ತು.

ಇಪ್ಪತ್ತು ವರ್ಷ ಬಿಲ್ಲೆ ನೋಡಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎಡಗಡೆ ಸ್ಪೀಕರಿಗೆ ಯಾರೋ ಒರಗಿ ನಿಲ್ಲುತ್ತಾರೆ. ದಿನಾ, ಒಂದೇ ಮೂಲೆಗೆ. ಡಾಕ್ಟರಮ್ಮನಲ್ಲದೆ ಇನ್ಯಾರು? ಅವನು ಹೋದ ಮೇಲೆ ಅಂಥದ್ದೇ ಹೊಸ ಬಿಲ್ಲೆಯ ಮೇಲೆ ಒಂದೊಂದೇ ಮಿಷಿನ್ನಿನ ತಲೆ ಏರಿಸಿ ಪರೀಕ್ಷೆ ಮಾಡಿದಳು. ಹದಿನೆಂಟು ಕೆಜಿಗೆ ಲೆಕ್ಕ ಕೂಡಿತು. ಒರಗುವುದರಲ್ಲೇ ಹದಿನೆಂಟಾದರೆ ಡಾಕ್ಟರಮ್ಮ ಒಟ್ಟು ಎಷ್ಟಿರಬೇಡ ಎಂದು ಒಂದು ಕ್ಷಣ ಹಿತವಾಯಿತು. ಮರುಕ್ಷಣವೇ, ಇನ್ನೊಬ್ಬರ ಮನೆಯ ಸಾಮಾನಿಗೆ ಅಷ್ಟು ಭಾರ ಬಿಟ್ಟು ಒರಗಬೇಕಾದರೆ ಎಷ್ಟು ಸಲಿಗೆ ಬೇಕು ಎಂಬುದು ಹೊಳೆದು, ಆ ಹಿತವೂ ಹೋಯಿತು.

ಮುಂದೆ ಮಾಡಿದ್ದನ್ನು ಅವಳು ಕಸುಬಿನಲ್ಲಿ ಎಂದೂ ಮಾಡಿದವಳಲ್ಲ. ಎಡ ಎರಡಕ್ಕೆ ಗಟ್ಟಿ ನೈಲಾನಿನ ಬಿಲ್ಲೆ ಕತ್ತರಿಸಿದಳು, ಅದೂ ಉಳಿದವಕ್ಕಿಂತ ನಾಲ್ಕು ಮಿಲಿಮೀಟರ್ ತೆಳ್ಳಗೆ. ಮೇಲೆ ಕಪ್ಪು ರಬ್ಬರ್ ಅಂಟಿಸಿದಳು. ಸುಮ್ಮನಿದ್ದರೆ ಸ್ಪೀಕರ್ ಸುಮ್ಮನಿರುತ್ತದೆ. ಒರಗಿದವರಿಗೆ ಬುದ್ಧಿ ಬರುತ್ತದೆ. ಮರುದಿನ ಲ್ಯಾಬಿಗೇ ಹೋಗಿ ಎಂಟನ್ನೂ ನಗುನಗುತ್ತ ಕೊಟ್ಟುಬಂದಳು.

ಮುಂದಿನ ಶನಿವಾರ ಅವನು ಬಂದಾಗ ಬಲ ಮೊಣಕೈಗೆ ಬ್ಯಾಂಡೇಜ್ ಇತ್ತು.

"ಏನಾಯ್ತು?"

"ಸ್ಪೀಕರ್ ವಾಲಿಬಿಡ್ತು. ಮೊಣಕೈ ಕಿಟಕಿಗೆ ತಗುಲ್ತು."

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಒರಗೋದು ನೀವಾ?"

ಅವನು ಕಳ್ಳನ ಹಾಗೆ ನೆಲ ನೋಡಿದ.

"ಹಾಡು ಕೇಳೋರು ಎರಡರ ಮಧ್ಯ, ಎದುರಿಗೆ ಕೂತ್ಕೊತಾರೆ. ಒಂದಕ್ಕೆ ಒರಗಿದ್ರೆ ಏನು ಕೇಳ್ಸತ್ತೆ?"

"ಏನೂ ಕೇಳ್ಸಲ್ಲ," ಎಂದು ಅವನು ಒಪ್ಪಿಕೊಂಡ.

ಒಂದು ಸರಿಯಾದ ಬಿಲ್ಲೆ ಜೇಬಿಗೆ ಹಾಕಿಕೊಂಡು ಅವಳು ಅವನ ಜೊತೆಗೇ ಹೊರಟಳು. ಎರಡು ತಿರುವು ದಾಟಿ, ಮೆಟ್ಟಿಲು ಹತ್ತಿದರು. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಆ ದಿನ ಡಾಕ್ಟರಮ್ಮ ಅದರಲ್ಲಿ ಕೂತಿದ್ದರು, ಅವರ ಯಜಮಾನರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು ಎಂದು ಅವಳು ಕೇಳದೆಯೇ ಅವನು ಹೇಳಿದ. ಎಡಗಡೆ ಸ್ಪೀಕರಿನ ನೆತ್ತಿಯಲ್ಲಿ ಒಂದು ಕಡೆ ಪಾಲಿಶ್ ಸವೆದಿತ್ತು, ಒಂದು ಮೊಣಕೈಯಷ್ಟು.

ಅವನು ಕಲ್ಲಿನ ಮೂಲೆಯನ್ನು ಎತ್ತಿ ಹಿಡಿದ. ಅವಳು ನೈಲಾನ್ ಎಳೆದು ಹೊಸದನ್ನು ತೂರಿಸಿದಳು. ಆಮೇಲೆ ಕೆಲಸ ಸರಿಯಾಗಿದೆಯೇ ಎಂದು ನೋಡಲು, ಸವೆದ ಜಾಗಕ್ಕೇ ಮೊಣಕೈ ಊರಿ ಒರಗಿದಳು.

ಒರಗಿದರೆ ಕಣ್ಣು ತಾನಾಗಿ ಕಿಟಕಿಗೆ ಹೋಗುತ್ತಿತ್ತು. ಎರಡು ಕಟ್ಟಡಗಳ ಸಂದಿಯಲ್ಲಿ, ಕೆಳಗೆ, ಒಂದು ಅಂಗಡಿಯ ಬಾಗಿಲು. ಸ್ಟೂಲು. ಮಿಷಿನ್ನಿನ ಪಕ್ಕ ನೀರಿನ ಲೋಟ. ಬಿಸಿಲಿಗೆ ಮಿಂಚುವ ಸ್ಟೀಲ್ ತಗಡು.

ತನ್ನ ಮುಖ ಈಗ ಯಾವ ಬಣ್ಣದಲ್ಲಿದೆಯೆಂದು ಅವಳಿಗೆ ತಗಡಿಲ್ಲದೆಯೂ ಗೊತ್ತಾಯಿತು.

"ಎಷ್ಟು ದಿನದಿಂದ?"

"ಸ್ಪೀಕರ್ ತರೋಕೂ ಮುಂಚೆಯಿಂದ," ಎಂದ ಅವನು. "ಶನಿವಾರ ನೀವು ತಲೆ ಬಾಚ್ಕೊಂಡು, ಬಾಚಣಿಗೆ ಡಬ್ಬಿಗೆ ಹಾಕಿದ ಮೇಲೇ ನಾನು ಹೊರಡೋದು."

ಅವಳು ನೈಲಾನ್ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟು, "ಇದನ್ನ ಬೇಕಂತಲೇ ತೆಳ್ಳಗೆ ಕತ್ತರಿಸಿದೆ," ಎಂದಳು. "ಡಾಕ್ಟರಮ್ಮ ಬೀಳ್ಲಿ ಅಂತ."

ಅವನು ಬಿಲ್ಲೆ ನೋಡಿದ, ಬ್ಯಾಂಡೇಜ್ ನೋಡಿದ. ಎರಡನ್ನೂ ಬಹುಮಾನ ಬಂದವನ ಹಾಗೆ ನೋಡಿದ.

"ನೋಡಿ," ಎಂದ ಕೊನೆಗೆ, "ಇಬ್ಬರು ಒರಗಿದ್ರೆ ಹೊಸ ಬಿಲ್ಲೆ ತಡಿಯತ್ತಾ?"

"ಅಳತೆ ಬೇಕಾಗತ್ತೆ," ಎಂದು ಅವಳು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.